ದೀಪದ ಕುಡಿಯೂ ಅದರ ಶಕ್ತಿಗಳೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಮಾರಂಭದ ಆರಂಭದಲ್ಲಿ ಅಧ್ಯಕ್ಷರು ಈ ಕಂಬದ ದೀಪವನ್ನು ಹೊತ್ತಿಸಿದರು. ಐದು ಬತ್ತಿಗಳಲ್ಲಿ ಮೂರು ಗಾಳಿಗೆ ಆರಿವೆ. ಎರಡು ಇನ್ನೂ ಉರಿಯುತ್ತಲಿವೆ. ವಿಜ್ಞಾನದ ಯಾವುದಾದರೊಂದು ವಿಷಯವನ್ನು ಕನ್ನಡದಲ್ಲಿ ತಿಳಿಸಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ದೂರ ಹುಡುಕಲು ಹೋಗಲಿಲ್ಲ. ಪ್ರತಿ ಸಭೆಯಲ್ಲಿಯೂ ನಾವು ಹೊತ್ತಿಸಿ, ಕೈಮುಗಿದು, ಬಳಿಕ ಮರೆತುಬಿಡುವ ಈ ಕುಡಿಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ.

ವಿಷಯ ಚಿಕ್ಕದಾಯಿತೆಂದು ತಾವು ಭಾವಿಸಬಾರದು. ಮೈಕಲ್ ಫ್ಯಾರಡೆ ಎಂಬ ಮಹಾವಿಜ್ಞಾನಿ 1860ರ ಕ್ರಿಸ್ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸಗಳ ಮಾಲೆಯನ್ನು ಆರಂಭಿಸಿದನು. ಆರಕ್ಕೂ ವಿಷಯ ಒಂದು ಮೇಣದ ಬತ್ತಿ. ನಮಗೆ ಅಷ್ಟು ಕಾಲಾವಕಾಶವಿಲ್ಲ. ಆದರೆ ಮೇಣದ ಬತ್ತಿಗೆ ಬದಲು ನಮ್ಮ ನೆಲದ್ದೇ ಆದ ಔಡಲೆಣ್ಣೆಯ ದೀಪವುಂಟು. ಪಾಲಮೂರು ಸೀಮೆಯ ಕೆಂಪು ಮಸಾರಿ ಹೊಲಗಳಿಗೆ ಔಡಲ ಹಳೆಯ ಬೆಳೆ. ಸಂತೆಯಲ್ಲಿ ‘ಆಮುದಂ’ ಎಂದು ಕೇಳಿ ತಂದು ಮನೆಯಲ್ಲಿ ‘ಔಡಲೆಣ್ಣೆ’ ಎಂದು ಕರೆಯುವ ಜನ ನಾವು. ಗಟ್ಟಿಯಾದ ಎಣ್ಣೆಯಾದುದರಿಂದ ಬತ್ತಿಯನ್ನು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಉರಿಯುತ್ತದೆ. ಮಿತವ್ಯಯದ ಗೃಹಿಣಿಯರಿಗೆ ಅದು ಮೆಚ್ಚಾದುದಕ್ಕೆ ಇದೇ ಕಾರಣ.

ಉರಿಯುತ್ತಿರುವುದು ಯಾವುದು? ಇದು ಮೊದಲ ಪ್ರಶ್ನೆ. ಬತ್ತಿ ಎನ್ನೋಣವೆಂದರೆ, ಎಣ್ಣೆಯಿಲ್ಲದ ಬತ್ತಿ ಕ್ಷಣದಲ್ಲಿ ಕರಿಯಾಗಿ ತೀರುತ್ತದೆ. ಎಣ್ಣೆ ಎನ್ನೋಣವೆಂದರೆ, ಹಣತೆಯ ತಣ್ಣನೆಯ ಔಡಲೆಣ್ಣೆಯಲ್ಲಿ ಉರಿಯುವ ಕಡ್ಡಿಯನ್ನು ಅದ್ದಿದರೆ ಕಡ್ಡಿಯೇ ಆರುತ್ತದೆ. ಉರಿಯುವುದು ಎಣ್ಣೆ ಕಾದು ಒಡೆದು ಎದ್ದ ಆವಿ. ಮೇಣದ ಬತ್ತಿಯನ್ನು ಶಾಂತ ಮಾಡಿದ ಕೂಡಲೆ ತುದಿಯಿಂದ ಒಂದು ಬಿಳಿಯ ಎಳೆ ಏಳುವುದನ್ನು ತಾವು ಕಂಡಿರುವಿರಿ. ಬತ್ತಿಯನ್ನು ಮುಟ್ಟದೆ ಒಂದು ಬೆರಳಿನಷ್ಟು ಮೇಲೆ ಆ ಎಳೆಗೆ ಕಡ್ಡಿಯ ಉರಿಯನ್ನು ತೋರಿದರೆ, ಉರಿ ಎಳೆಯಗುಂಟ ಇಳಿದು ಬಂದು ಬತ್ತಿಗೆ ಹತ್ತಿಕೊಳ್ಳುತ್ತದೆ. ಆ ಎಳೆ ಉರಿಯದೆ ಉಳಿದ ಮೇಣದ ಆವಿಯೇ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಕುಡಿ ತಾನು ಹುಟ್ಟಿಸಿದ ಕಾವಿನಲ್ಲಿ ಒಂದು ಪಾಲನ್ನು ತಿರುಗಿ ಬತ್ತಿಗೆ ಕೊಡುತ್ತದೆ. ಆ ಕಾವಿನಿಂದ ಹೊಸ ಆವಿ ಏಳುತ್ತದೆ. ಹೊಸ ಆವಿಯಿಂದ ಕುಡಿ ಮುಂದುವರಿಯುತ್ತದೆ. ಬೆಳೆದ ಕಾಳಿನಲ್ಲಿ ಬಿತ್ತನೆಗೆಂದು ಒಂದು ಪಾಲನ್ನು ರೈತ ಎತ್ತಿಡುವಂತೆ ಇದು. ಉಫ್ ಎಂದು ಊದಿದಾಗ ನಾವು ಮಾಡುವುದು ಇಷ್ಟೆ: ಬಿಸಿ ಆವಿಯನ್ನು ಬತ್ತಿಯಿಂದ ಆಚೆಗೆ ತಳ್ಳಿ, ಈ ಬಿತ್ತನೆಯ ಪಾಲನ್ನು ತಪ್ಪಿಸುತ್ತೇವೆ.

ಶಕ್ತಿ ಎಣ್ಣೆಯಲ್ಲಿ ಅಡಗಿದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಪಾಠಶಾಲೆಯಲ್ಲಿ ನನಗೂ ಹಾಗೆಯೇ ಕಲಿಸಿದರು. ಅದು ಪೂರ್ತಿ ನಿಜವಲ್ಲ. ಎಣ್ಣೆಯ ಅಣುವನ್ನು ಒಡೆಯಲು ಶಕ್ತಿಯನ್ನು ವೆಚ್ಚಮಾಡಬೇಕು; ಗಾಳಿಯ ಆಮ್ಲಜನಕದ ಜೋಡಿಯನ್ನು ಬಿಡಿಸಲೂ ವೆಚ್ಚಮಾಡಬೇಕು. ಬಳಿಕ ಇಂಗಾಲವೂ ಜಲಜನಕವೂ ಆಮ್ಲಜನಕದೊಡನೆ ಕೂಡಿಕೊಂಡಾಗ ಆ ವೆಚ್ಚಕ್ಕಿಂತ ಬಹಳ ಹೆಚ್ಚಿನ ಶಕ್ತಿ ಹೊರಬರುತ್ತದೆ. ಕೈಗೆ ಉಳಿದ ಈ ಲಾಭವೇ ದೀಪದ ಕಾವು ಮತ್ತು ಬೆಳಕು. ಆದುದರಿಂದ ಬಂಡವಾಳ ಎಣ್ಣೆಯೊಂದರದೇ ಅಲ್ಲ, ಗಾಳಿಯದೂ ಉಂಟು. ಒಂದು ತೊಲ ಔಡಲೆಣ್ಣೆ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 2.7 ತೊಲ ಆಮ್ಲಜನಕ ಬೇಕು. ಉರಿದ ಮೇಲೆ ಸುಮಾರು 2.7 ತೊಲ ಇಂಗಾಲದ ಡೈಆಕ್ಸೈಡೂ ಒಂದು ತೊಲ ನೀರೂ ಉಂಟಾಗುತ್ತವೆ. ಅಂದರೆ ದೀಪ ತಾನು ಕುಡಿದ ಎಣ್ಣೆಯ ತೂಕದಷ್ಟೇ ನೀರನ್ನು ಸದ್ದಿಲ್ಲದೆ ಗಾಳಿಗೆ ಬಿಡುತ್ತದೆ. ನಂಬಿಕೆ ಬಾರದವರಿಗಾಗಿ ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯೊಂದನ್ನು ಇಲ್ಲಿ ತರಿಸಿಟ್ಟಿದ್ದೇನೆ, ಕೊನೆಯಲ್ಲಿ ನೋಡೋಣ.

ಈ ಲಾಭದ ಮೊತ್ತವೆಷ್ಟು? ಕಿಲೋ ಎಣ್ಣೆಗೆ ಸುಮಾರು 370 ಲಕ್ಷ ಜೂಲುಗಳು. ಗಂಟೆಗೆ ಐದು ಗ್ರಾಂ ಎಣ್ಣೆ ಕುಡಿಯುವ ಬತ್ತಿಯೊಂದು ಸುಮಾರು 50 ವ್ಯಾಟಿನಂತೆ ಶಕ್ತಿಯನ್ನು ಹೊರಗೆಡಹುತ್ತದೆ. ಸುಮ್ಮನೆ ಕುಳಿತಿರುವ ಮನುಷ್ಯನ ಮೈಯಿಂದ ಹೊರಡುವ ಕಾವು ಸುಮಾರು 100 ವ್ಯಾಟು. ನಾವು ಒಬ್ಬೊಬ್ಬರೂ ಎರಡೆರಡು ಹಣತೆಗಳಿಗೆ ಸಮ ಎಂದಾಯಿತು! ಈ ಸಭಾಮಂದಿರದಲ್ಲಿ ಇಷ್ಟು ಸೆಕೆಯಾಗಲು ಕಾರಣ ಕೇಳಬೇಕಿಲ್ಲ.

ಇನ್ನು ಬೆಳಕಿನ ಮಾತು. ಕುಡಿಯನ್ನು ಹತ್ತಿರದಿಂದ ನೋಡಿದರೆ ಬುಡದಲ್ಲಿ ತೆಳುವಾದ ನೀಲಿ, ನಡುವೆ ಬತ್ತಿಯ ಸುತ್ತ ಮಬ್ಬು, ಮೇಲೆ ಹೊಳೆಯುವ ಹಳದಿ. ಬುಡದಲ್ಲಿ ಗಾಳಿ ಧಾರಾಳ. ಅಲ್ಲಿ ಅಣುಗಳು ಒಡೆದು ಕೂಡುವ ಗಡಿಬಿಡಿಯಲ್ಲಿ ಕೆಲವು ತುಣುಕುಗಳು ಶಕ್ತಿಯನ್ನು ನೇರವಾಗಿ ನೀಲಿ ಬೆಳಕಾಗಿ ಚೆಲ್ಲುತ್ತವೆ. ಮೇಲೆ ಹೋದಂತೆ ಗಾಳಿ ಸಾಲದು. ಇಂಗಾಲವೆಲ್ಲ ಒಡನೆ ಉರಿಯಲಾರದೆ ಅತಿ ಸೂಕ್ಷ್ಮವಾದ ಮಸಿಯ ಕಣಗಳಾಗುತ್ತದೆ. ಈ ಕಣಗಳು ಸಾವಿರದಿನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಕಾದು, ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಹೊಳೆಯುತ್ತವೆ. ಬಂಗಾರ 1064 ಡಿಗ್ರಿಗೆ ಕರಗುತ್ತದೆ. ಅಕ್ಕಸಾಲಿಗ ಊದುಗೊಳವೆಯಿಂದ ದೀಪದ ಉರಿಯನ್ನೇ ಹರಿತಗೊಳಿಸಿ ಬಂಗಾರವನ್ನು ಕರಗಿಸುವುದು ಇದರಿಂದ ಸಾಧ್ಯ. ನಾವು ದೀಪದ ಬೆಳಕು ಎಂದು ಕಣ್ತುಂಬ ನೋಡುವುದು ಕೆಂಪಗೆ ಕಾದ ಮಸಿಯ ಬೆಳಕು. ಹೊರ ಅಂಚನ್ನು ಮುಟ್ಟುವ ಹೊತ್ತಿಗೆ ಆ ಮಸಿಯೂ ಉರಿದು ಕಾಣೆಯಾಗುತ್ತದೆ. ಉರಿಯುವ ಮೊದಲೇ ಹಿಡಿದರೆ ಅದೇ ಕಾಡಿಗೆ. ಔಡಲ ದೀಪದ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕಿ ಅಜ್ಜಿಯರು ಸಂಗ್ರಹಿಸಿ ಮಗುವಿನ ಕಣ್ಣಿಗೆ ತೀಡಿದ ಕಪ್ಪು, ಒಂದು ಕ್ಷಣ ತಡೆದಿದ್ದರೆ ಬೆಳಕಾಗಿ ಹೋಗುತ್ತಿತ್ತು.

ಆದರೆ ಬೆಳಕಿನ ಲೆಕ್ಕ ಮಾತ್ರ ಬಡತನದ್ದು. ಐವತ್ತು ವ್ಯಾಟಿನ ದೀಪದಲ್ಲಿ ಕಣ್ಣಿಗೆ ಬೆಳಕಾಗುವ ಶಕ್ತಿ ಸಾವಿರದಲ್ಲಿ ಒಂದೆರಡು ಪಾಲು. ಇಂದು ಮನೆಮನೆಯಲ್ಲಿರುವ ಒಂಬತ್ತು ವ್ಯಾಟಿನ ಎಲ್.ಇ.ಡಿ. ದೀಪ ಈ ಹಣತೆಗಿಂತ ಹಲವು ಹತ್ತು ಪಟ್ಟು ಬೆಳಕು ಕೊಡುತ್ತದೆ. ಉಳಿದ ಶಕ್ತಿ ಎಲ್ಲಿ ಹೋಯಿತು? ಸುಮಾರು ಐದರಲ್ಲೊಂದು ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಸುತ್ತಲೂ ಚೆಲ್ಲುತ್ತದೆ. ದೀಪದ ಪಕ್ಕದಲ್ಲಿ ಕೈ ಹಿಡಿದರೆ ತಾಗುವುದು ಅದೇ. ಮಿಕ್ಕದ್ದು ಬಹುಪಾಲು ಬಿಸಿ ಗಾಳಿಯಾಗಿ ಮೇಲಕ್ಕೆ ಏರುತ್ತದೆ. ಪಕ್ಕದಲ್ಲಿ ನಾಲ್ಕು ಬೆರಳು ದೂರದಲ್ಲಿ ಕೈ ತಡೆಯುತ್ತದೆ, ಮೇಲೆ ಅಷ್ಟೇ ದೂರದಲ್ಲಿ ತಡೆಯದು.

ಇಲ್ಲಿ ನಮ್ಮ ಭಾಷೆಯನ್ನು ಕುರಿತು ಒಂದು ಮಾತು ಹೇಳಲೇಬೇಕು. ವಿಜ್ಞಾನಿಗಳು ಶಾಖದ ಸಾಗಾಟವನ್ನು ವಹನ, ಸಂವಹನ, ವಿಕಿರಣ ಎಂದು ಮೂರಾಗಿ ವಿಂಗಡಿಸುತ್ತಾರೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ಆದರೆ ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು ‘ಝಳ ಬಡಿಯಿತು’ ಎನ್ನುವುದು ದೂರದಿಂದ ಮುಖಕ್ಕೆ ತಾಗುವ ವಿಕಿರಣಕ್ಕೆ. ‘ಕಾವು ಹತ್ತಿತು’ ಎನ್ನುವುದು ಹಂಚಿನಿಂದ ರೊಟ್ಟಿಗೆ ಹರಿಯುವ ವಹನಕ್ಕೆ. ಉರಿ ಬೇರೆ, ಕೆಂಡ ಬೇರೆ, ಕಿಡಿ ಬೇರೆ. ಹೊಗೆ ಬೇರೆ, ಹಬೆ ಬೇರೆ. ತೆಲುಗು ನೆರೆಯವರು ಝಳಕ್ಕೆ ‘ಸೆಗ’ ಎನ್ನುತ್ತಾರೆ. ಅವರ ಶಾಲೆಯ ಪುಸ್ತಕದಲ್ಲಿಯೂ ಶಕ್ತಿ ಶಕ್ತಿಯೇ, ಜ್ವಾಲೆ ‘ಜ್ವಾಲ’, ದಹನ ‘ದಹನಂ’. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂಬ ನಮ್ಮ ಮಕ್ಕಳಿಗೆ ಎರಡು ಬೊಕ್ಕಸದ ಕೀಲಿಕೈ ಸಿಕ್ಕಿದೆ. ಅಡಿಗೆಮನೆಯ ಮಾತಿಗೂ ಪುಸ್ತಕದ ಮಾತಿಗೂ ಸಂಬಂಧವುಂಟೆಂದು ಅವರಿಗೆ ಯಾರೂ ಹೇಳದಿರುವುದು ಮಾತ್ರ ನನಗೆ ವ್ಯಥೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಗದ್ವಾಲ, ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಗಡಿಯ ಗೆರೆ ಸರಿಯಿತು. ಝಳವೆಂಬ ಮಾತು ಸರಿಯಲಿಲ್ಲ.

ಕುಡಿ ಮೊನಚಾಗಿ ಮೇಲಕ್ಕೇ ಏಕೆ ನಿಲ್ಲುತ್ತದೆ? ಕಾದ ಅನಿಲ ಹಗುರ. ಸುತ್ತಣ ತಣ್ಣನೆಯ ಗಾಳಿ ಭಾರ. ಭೂಮಿ ಭಾರವಾದುದನ್ನು ಹೆಚ್ಚು ಸೆಳೆಯುವುದರಿಂದ ಅದು ಕೆಳಗೆ ನುಗ್ಗಿ ಹಗುರಾದುದನ್ನು ಮೇಲಕ್ಕೆ ಒತ್ತುತ್ತದೆ. ಹೀಗೆ ಶಾಖದ ಒಂದು ಅಲ್ಪ ಪಾಲು ಗಾಳಿಯ ಚಲನ ಶಕ್ತಿಯಾಗುತ್ತದೆ. ಆ ಗಾಳಿಯೇ ಕುಡಿಗೆ ಹೊಸ ಆಮ್ಲಜನಕವನ್ನು ತಂದುಕೊಡುತ್ತದೆ. ತೂಕವೇ ತೋರದ ಬಾಹ್ಯಾಕಾಶ ನೌಕೆಯಲ್ಲಿ 1992ರಲ್ಲಿ ಮೇಣದ ಬತ್ತಿಯನ್ನು ಹೊತ್ತಿಸಿ ನೋಡಿದರು. ಅಲ್ಲಿ ಮೇಲು ಕೆಳಗೆಂಬುದಿಲ್ಲದ ಕಾರಣ ಕುಡಿ ನೀಲಿಯ ಗುಂಡಾಯಿತು.

ಜ್ವಾಲೆಯಲ್ಲಿ ವಿದ್ಯುತ್ತೂ ಉಂಟು. ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕೆಲವು ಅಣುಗಳು ಅದರಲ್ಲಿ ಇರುವುದರಿಂದ, ಬಲವಾದ ವಿದ್ಯುತ್ ಕ್ಷೇತ್ರದ ನಡುವೆ ಇಟ್ಟರೆ ಕುಡಿ ಒಂದು ಕಡೆಗೆ ಬಾಗುತ್ತದೆ. ಸದ್ದೂ ಉಂಟು, ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಉರಿಗೂ ಕೆಂಡಕ್ಕೂ ಇರುವ ಭೇದವನ್ನು ನಮ್ಮ ಸೀಮೆಯವರು ಮೊಹರಮ್ಮಿನ ಅಲಾಯಿ ಕುಣಿಯಲ್ಲಿ ಕಂಡಿದ್ದಾರೆ. ಹಿಂದೂ ಮುಸಲ್ಮಾನರೆನ್ನದೆ ಜನ ಕೂಡುವ ಆ ಹಬ್ಬದಲ್ಲಿ ಹರಕೆ ಹೊತ್ತವರು ಕೆಂಡದ ಮೇಲೆ ಹಾಯುತ್ತಾರೆ. ಯಾರ ಭಕ್ತಿಯನ್ನೂ ಅಳೆಯಲು ನಾನು ಇಲ್ಲಿ ನಿಂತಿಲ್ಲ. ಪದಾರ್ಥದ ಗುಣವನ್ನು ಮಾತ್ರ ಹೇಳುವೆನು. ಕೆಂಡದಲ್ಲಿ ಆವಿಯೆಲ್ಲ ಉರಿದು ಹೋಗಿ ಇಂಗಾಲವೊಂದೇ ಉಳಿದಿರುತ್ತದೆ. ಅದು ಮೇಲ್ಮೈಯಲ್ಲಿ ಮೆಲ್ಲನೆ ಉರಿಯುತ್ತದೆ. ಇದ್ದಿಲೂ ಅದರ ಮೇಲಣ ಬೂದಿಯೂ ಶಾಖವನ್ನು ಬಹು ನಿಧಾನವಾಗಿ ದಾಟಿಸುತ್ತವೆ. ಪಾದ ತಾಗಿರುವ ಅರೆಕ್ಷಣದಲ್ಲಿ ಚರ್ಮಕ್ಕೆ ಇಳಿಯುವ ಕಾವು ಅಷ್ಟಿಷ್ಟೆ. ಅದೇ ಬಿಸಿಯ ಕಬ್ಬಿಣದ ತಗಡಿನ ಮೇಲೆ ಯಾರೂ ಹಾಯಲಾರರು. ಕೆಂಡದ ಮೇಲೆಯೂ ನಿಂತವರು ಸುಟ್ಟುಕೊಳ್ಳುತ್ತಾರೆ. ಎಷ್ಟು ಬಿಸಿ ಎಂಬುದು ಒಂದು ಪ್ರಶ್ನೆ, ಎಷ್ಟು ಶಕ್ತಿ ದಾಟಿತು ಎಂಬುದು ಬೇರೊಂದು ಪ್ರಶ್ನೆ.

ನೇಕಾರ ಬಂಧುಗಳು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರಿಗೆ ಜ್ವಾಲೆ ಒಂದು ಒರೆಗಲ್ಲು. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಂದೊಂದು ಎಳೆಯನ್ನು ಉರಿಗೆ ಹಿಡಿದು ನೋಡಿರಿ. ಹತ್ತಿಯ ಎಳೆ ಕಾಗದದಂತೆ ಸರ್ರನೆ ಉರಿದು, ಉರಿ ಹೋದ ಮೇಲೂ ಕೆಂಪಗೆ ಹೊಗೆಯಾಡಿ, ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಮುದುಡಿಕೊಂಡು, ಕೂದಲು ಸುಟ್ಟ ವಾಸನೆ ಕೊಟ್ಟು, ಉರಿಯಿಂದ ಹೊರಗೆ ತೆಗೆದ ಕೂಡಲೆ ತಾನೇ ಆರುತ್ತದೆ. ತುದಿಯ ಕರಿ ಗುಂಡನ್ನು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಸಾರಜನಕವುಳ್ಳ ರೇಷ್ಮೆ ಉರಿದಾಗ ಬರುವ ಆದಾಯ, ಮೊದಲು ಹೇಳಿದ ಬಿತ್ತನೆಯ ಪಾಲಿಗೆ ಸಾಲದು. ಆದುದರಿಂದ ಉರಿ ತನ್ನನ್ನು ತಾನು ಸಾಕಿಕೊಳ್ಳಲಾರದು. ಕೃತಕ ನೂಲಾದರೆ ಕರಗಿ, ಕರಿಯ ಹೊಗೆ ಬಿಟ್ಟು, ಪುಡಿಯಾಗದ ಗಟ್ಟಿ ಮಣಿಯಾಗುತ್ತದೆ. ಅಗ್ಗದ ನಕಲು ಮಾಲು ಮಗ್ಗದ ಅನ್ನವನ್ನು ಕಸಿಯುತ್ತಿರುವಾಗ, ಕೊಳ್ಳುವವರಿಗೆ ಇಷ್ಟು ವಿಜ್ಞಾನ ತಿಳಿದಿದ್ದರೆ ನಾರಾಯಣಪೇಟೆಯ ನೇಕಾರನಿಗೂ ಗದ್ವಾಲದ ನೇಕಾರನಿಗೂ ಉಪಕಾರ.

ಈಗ ಅಡಿಗೆಮನೆಗೆ ಬರುತ್ತೇನೆ. ನಾನು ಈ ವಿಷಯವನ್ನು ಆರಿಸಿದ್ದು ನಿಜವಾಗಿ ಇದಕ್ಕಾಗಿಯೇ. ದೀಪದಲ್ಲಿ ಬೆಳಕು ಕೊಡುವ ಆ ಮಸಿ, ಒಲೆಯಲ್ಲಿ ನಮ್ಮ ಹೆಂಗಸರ ಎದೆ ಸೇರುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಇವುಗಳಿಂದ ಎದ್ದ ಆವಿಗೆ ಒಲೆಯೊಳಗೆ ಸಾಕಷ್ಟು ಗಾಳಿಯಿಲ್ಲ. ಇದ್ದ ಗಾಳಿಯೂ ಆವಿಯೊಡನೆ ಚೆನ್ನಾಗಿ ಬೆರೆಯದು. ಅರೆ ಉರಿದ ಇಂಗಾಲ ಹೊಗೆಯಾಗಿ, ಕಣ್ಣಿಗೆ ಕಾಣದ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಹೊರಬೀಳುತ್ತದೆ. ಹೊಗೆಯೆಂದರೆ ಶಾಖವಾಗದೆ ಹೋದ ಶಕ್ತಿ: ಕಟ್ಟಿಗೆಗೆ ಕೊಟ್ಟ ಹಣವೂ ಹೋಯಿತು, ಕಣ್ಣೂ ಹೋಯಿತು. ಹಸಿ ಕಟ್ಟಿಗೆಯಾದರೆ ಇನ್ನೂ ನಷ್ಟ. ಒಂದು ಕಿಲೋ ನೀರನ್ನು ಆವಿ ಮಾಡಲು 22 ಲಕ್ಷ ಜೂಲಿಗೂ ಮಿಕ್ಕಿ ಶಾಖ ಅಲ್ಲಿಯೇ ವ್ಯಯವಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನನ್ನ ತಾಯಿ ನಲವತ್ತು ವರ್ಷ ಊದುಗೊಳವೆ ಹಿಡಿದು ರೊಟ್ಟಿ ಬಡಿದಳು. ಕಡೆಯ ವರ್ಷಗಳಲ್ಲಿ ಅವಳ ಕೆಮ್ಮು ಕೇಳಿ ನೆರೆಮನೆಯವರು ಬೆಳಗಾಯಿತೆಂದು ತಿಳಿಯುತ್ತಿದ್ದರು. ಹೊಗೆ ಒಲೆಯ ಸಹಜ ಗುಣವೆಂದೇ ನಾವೆಲ್ಲ ಬಗೆದಿದ್ದೆವು.

ಅದು ಸಹಜ ಗುಣವಲ್ಲವೆಂದು ತೋರಿಸಿದವರು ನಮ್ಮ ನಾಡಿನಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ, ಮಣ್ಣಿನ ಒಲೆಯನ್ನೇ ತಿದ್ದಿ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಕ್ತಿಯ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು; ಇದರಲ್ಲಿ ಮೂರು ಪಾಲಿನಷ್ಟು ತಲುಪಿತು. ಮಾಡಿದ್ದು ಗಾಳಿ ಬರುವ ದಾರಿ, ಉರಿ ಸುತ್ತುವ ದಾರಿ, ಹೊಗೆ ಹೋಗುವ ಕೊಳವೆ ಇಷ್ಟನ್ನೇ. ಇಂದು ಅಡಿಗೆಯ ಅನಿಲ ಬಹುತೇಕ ಮನೆಗಳಿಗೆ ಬಂದಿದೆ. ಆ ಒಲೆಯಲ್ಲಿ ಅನಿಲ ಉರಿಯುವ ಮೊದಲೇ ಗಾಳಿಯೊಡನೆ ಬೆರೆಯುವುದರಿಂದ ಮಸಿ ಹುಟ್ಟುವುದೇ ಇಲ್ಲ; ಕುಡಿ ನೀಲಿ. ಬೆಳಕಿಗೆ ಅದು ಏನೂ ಪ್ರಯೋಜನವಿಲ್ಲ, ಅಡಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಅದು ಹಳದಿಗೆ ತಿರುಗಿ ಪಾತ್ರೆಯ ತಳ ಕರಿಯಾಗತೊಡಗಿದರೆ ಗಾಳಿಯ ದಾರಿ ಕಟ್ಟಿದೆ ಎಂದು ತಿಳಿಯಬೇಕು. ಬರ್ನರಿನ ತೂತುಗಳನ್ನು ಶುಚಿ ಮಾಡಿಸಬೇಕು. ಸ್ನಾನದ ನೀರಿಗೂ ಜೋಳದ ರೊಟ್ಟಿಗೂ ಇನ್ನೂ ಕಟ್ಟಿಗೆಯನ್ನೇ ಉರಿಸುವ ಮನೆಗಳಲ್ಲಿ ಒಣಗಿದ, ಸಣ್ಣಗೆ ಸೀಳಿದ ಕಟ್ಟಿಗೆ ಮತ್ತು ಒಲೆಯ ಮೇಲೊಂದು ಹೊಗೆಗಂಡಿ ಇವಿಷ್ಟನ್ನಾದರೂ ಗಂಡಸರು ಒದಗಿಸಿಕೊಡಲಿ ಎಂದು ಕೈಮುಗಿದು ಕೇಳುತ್ತೇನೆ.

ದೊಡ್ಡ ಉರಿಯೊಂದು ನಮ್ಮ ಕಣ್ಣೆದುರಿಗೇ ಉಂಟು. ಮಕ್ತಲ್ ಕಡೆಯ ಕೃಷ್ಣಾ ಗ್ರಾಮದಲ್ಲಿ ನಿಂತು ನದಿಯ ಆಚೆಗೆ ನೋಡಿದರೆ ರಾಯಚೂರು ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಕಾಣುತ್ತವೆ. ಊರಿನ ಹೆಸರೇ ಶಕ್ತಿನಗರ. 1985ರಲ್ಲಿ ಮೊದಲ ಘಟಕ ನಡೆಯತೊಡಗಿ, ಎಂಟು ಘಟಕಗಳಾಗಿ, 1720 ಮೆಗಾವ್ಯಾಟಿನವರೆಗೆ ಬೆಳೆಯಿತು. ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲೂ ಅಲ್ಲಿ ಉರಿದಿದೆ. ಅಲ್ಲಿ ನಡೆಯುವುದೂ ಈ ಹಣತೆಯ ವ್ಯವಹಾರವೇ: ರಾಸಾಯನಿಕ ಶಕ್ತಿ ಶಾಖವಾಗಿ, ಶಾಖ ಹಬೆಯ ಒತ್ತಡವಾಗಿ, ಒತ್ತಡ ಚಕ್ರದ ಚಲನೆಯಾಗಿ, ಚಲನೆ ವಿದ್ಯುತ್ತಾಗುತ್ತದೆ. ಇಂಥ ಕೇಂದ್ರಗಳಲ್ಲಿ ಮೂರರಲ್ಲೊಂದು ಪಾಲು ವಿದ್ಯುತ್ತಾದರೆ ಎರಡು ಪಾಲು ಶಾಖವಾಗಿಯೇ ನೀರಿಗೂ ಗಾಳಿಗೂ ಸೇರಿಹೋಗುತ್ತದೆ. ಅದೇ ಕೃಷ್ಣೆ ಕೆಳಗೆ ಜೂರಾಲಕ್ಕೆ ಬಂದಾಗ 39 ಮೆಗಾವ್ಯಾಟಿನ ಆರು ಯಂತ್ರಗಳನ್ನು ಉರಿಯೇ ಇಲ್ಲದೆ ತಿರುಗಿಸುತ್ತಾಳೆ. ಅಲ್ಲಿ ದುಡಿಯುವುದು ಎತ್ತರದಲ್ಲಿ ನಿಂತ ನೀರಿನ ಪ್ರಚ್ಛನ್ನ ಶಕ್ತಿ. ಮೂಲ ಹುಡುಕಿದರೆ ಮೂರೂ ಒಂದೇ ಮನೆಯವು. ಔಡಲದ ಗಿಡ ಕೆಲವು ತಿಂಗಳು ಕುಡಿದ ಬಿಸಿಲು, ಕೋಟ್ಯಂತರ ವರ್ಷಗಳ ಹಿಂದಣ ಕಾಡು ಕುಡಿದ ಬಿಸಿಲು, ಕಡಲಿನ ನೀರನ್ನು ಮೋಡವಾಗಿ ಸಹ್ಯಾದ್ರಿಗೆ ಏರಿಸಿದ ಬಿಸಿಲು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತಂಬಿಗೆಯ ಮಾತು ಬಾಕಿ ಉಳಿದಿದೆ. ಮುಂದಿನ ಸಾಲಿನ ಮಕ್ಕಳಲ್ಲಿ ಇಬ್ಬರು ಮೇಲೆ ಬರಲಿ. ಒಬ್ಬರು ತಂಬಿಗೆಯನ್ನು ಕುಡಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಕ್ಷಣಹೊತ್ತು ಹಿಡಿಯಲಿ. ಇನ್ನೊಬ್ಬರು ಅದರ ತಳಕ್ಕೆ ಬೆರಳು ತಾಗಿಸಿ, ಒದ್ದೆಯಾಗಿದೆಯೆ ಇಲ್ಲವೆ ಎಂಬುದನ್ನು ಸಭೆಗೆ ತಿಳಿಸಲಿ. ಕನ್ನಡದಲ್ಲಿಯೋ ತೆಲುಗಿನಲ್ಲಿಯೋ, ಅವರಿಗೆ ಬಂದ ಮಾತಿನಲ್ಲಿ ಹೇಳಲಿ.